ನೂರಕ್ಕೆ 74 ಅಲ್ಲ

"ನೂರಕ್ಕ ಎಪ್ಪತ್ನಾಕು ಅಂದ್ರ ಫಸ್ಟ್ ಕ್ಲಾಸ್ ಆತಲ್ಲೋ ತಮ್ಮಾ?"

ಧಾರವಾಡದಿಂದ ಅಕ್ಕ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಮೀಟಿಂಗಿಗೆ ಹೊರಟಿದ್ದೆ. ಅವಳ ಮಗನಿಗೆ ಹನ್ನೆರಡೂವರೆ ವರ್ಷ. ಓದಿನಲ್ಲಿ ಹಿಂದೆ. ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತುಹೋಗಿರುತ್ತದೆ. ಒಂದು ಸಲ ಟೆಸ್ಟ್ ಮಾಡಿಸಿ ಅಂತ ಶಾಲೆಯವರು ಹೇಳಿದ್ದರು. ಮಾಡಿಸಿದ್ದಳು. ಒಂದೇ ಹಾಳೆಯ ರಿಪೋರ್ಟು ಕೊಟ್ಟು ಕಳಿಸಿದ್ದರು.

ಫೋಟೋ ವಾಟ್ಸ್ಯಾಪಿನಲ್ಲಿ ಬಂತು. ಹೆಚ್ಚೇನೂ ಇರಲಿಲ್ಲ. ಪರೀಕ್ಷೆ: ಬಿ.ಕೆ.ಟಿ. ಮಾನಸಿಕ ವಯಸ್ಸು: 9 ವರ್ಷ 3 ತಿಂಗಳು. ಐಕ್ಯೂ: 74. ಕೆಳಗೆ ಒಂದೇ ಒಂದು ಪದ, ಬಾರ್ಡರ್‌ಲೈನ್.

"ಅದು ಮಾರ್ಕ್ಸ್ ಅಲ್ಲ ಅಕ್ಕ" ಅಂದೆ.

"ಮತ್ತ ಏನದು?"

ದಿನಾ ಬೆಳಗಾದರೆ ಎಕ್ಸೆಲ್ ಶೀಟು, ಡ್ಯಾಶ್‌ಬೋರ್ಡು ಅಂತ ಅಂಕಿಗಳಲ್ಲೇ ಬದುಕೋ ನನಗೆ ಆ ಪ್ರಶ್ನೆಗೆ ಉತ್ತರ ಹೊಳೀಲಿಲ್ಲ. "ಸಂಜೆ ಮಾಡ್ತೀನಿ" ಅಂತ ಫೋನ್ ಇಟ್ಟೆ. ಇಡೋ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. "ಎಪ್ಪತ್ತರ ಒಳಗ ಬಂದಿದ್ರ ಸರ್ಟಿಫಿಕೇಟ್ ಕೊಡ್ತಿದ್ವಿ, ಇದಕ್ಕ ಬರಂಗಿಲ್ಲ ಅಂದ್ರು." ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು, ವಿಶೇಷ ಶಿಕ್ಷಕರ ನೆರವು ಕೇಳಬಹುದು. ಇಲ್ಲದಿದ್ದರೆ ಅವನು ಬರೀ 'ದಡ್ಡ ಹುಡುಗ'. ನಾಲ್ಕು ಅಂಕ ಜಾಸ್ತಿ ಬಂದಿದ್ದಕ್ಕೆ ಹುಡುಗ ಎರಡೂ ಕಡೆಯಿಂದ ಹೋದ.

ಆ 74 ಎಲ್ಲಿಂದ ಬಂತು, ಆ 70 ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ದಾರಿ ಪ್ಯಾರಿಸ್‌ಗೆ ಹೋಗಿ, ಅಮೆರಿಕ ಸುತ್ತಿ, ಕೊನೆಗೆ ತಿರುಗಿ ನಮ್ಮ ಧಾರವಾಡಕ್ಕೇ ಬಂತು.

*

ಆಲ್ಫ್ರೆಡ್ ಬಿನೆ ಹುಟ್ಟಿದ್ದು 1857ರಲ್ಲಿ, ಫ್ರಾನ್ಸಿನ ನೀಸ್ ಊರಲ್ಲಿ. ಅವನ ಕಾಲದಲ್ಲಿ ಬುದ್ಧಿ ಅಳೆಯಬೇಕು ಅಂದರೆ ವಿಜ್ಞಾನಿಗಳು ಟೇಪು, ಕ್ಯಾಲಿಪರ್ ಹಿಡಿದು ತಲೆಬುರುಡೆ ಅಳೆಯುತ್ತಿದ್ದರು. ದೊಡ್ಡ ತಲೆ, ದೊಡ್ಡ ಬುದ್ಧಿ. ಬಿನೆಯೂ ಅದನ್ನೇ ನಂಬಿ ಶುರುಮಾಡಿದ. ಶಾಲೆಗಳಿಗೆ ಹೋಗಿ, ಮೇಷ್ಟ್ರು 'ಬಹಳ ಜಾಣರು' ಅಂದ ಮಕ್ಕಳ ತಲೆ ಅಳೆದ, 'ಬಹಳ ದಡ್ಡರು' ಅಂದವರ ತಲೆಯನ್ನೂ ಅಳೆದ. ವ್ಯತ್ಯಾಸ ಸಿಕ್ಕಿದ್ದು ಎಷ್ಟು? ಎಷ್ಟೋ ಕಡೆ ಮಿಲಿಮೀಟರಿನ ಲೆಕ್ಕದಲ್ಲಿ.

ಇಲ್ಲಿ ಅವನು ಮಾಡಿದ ಒಂದು ಕೆಲಸಕ್ಕೆ ನಾನು ಅವನ ಅಭಿಮಾನಿಯಾದೆ. ಅವನು ತನ್ನ ಮೇಲೆ ತಾನೇ ಅನುಮಾನ ಪಟ್ಟ. ಈ ಹುಡುಗ ದಡ್ಡ ಅಂತ ಮೊದಲೇ ಗೊತ್ತಿದ್ದರೆ ನನ್ನ ಕೈ ತನಗೇ ಗೊತ್ತಿಲ್ಲದಂತೆ ಟೇಪನ್ನು ಸ್ವಲ್ಪ ಬಿಗಿ ಹಿಡಿಯುತ್ತಿರಬಹುದಲ್ಲ? ಮತ್ತೆ ಅಳೆದು ನೋಡಿದ. ಅನುಮಾನ ನಿಜವಾಗಿತ್ತು. ಅದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದ, ತಲೆ ಅಳೆಯೋ ದಾರಿಯನ್ನೇ ಬಿಟ್ಟ. ನಮ್ಮ ಕ್ವಾರ್ಟರ್ಲಿ ರಿವ್ಯೂಗಳಲ್ಲಿ ಇಂಥ ಸ್ಲೈಡ್ ಒಂದನ್ನು ಯಾರಾದರೂ ಹಾಕಿದ್ದು ನಾನಂತೂ ನೋಡಿಲ್ಲ.

ಆಮೇಲೆ ಅವನು ಕಲಿತದ್ದು ಮನೆಯಲ್ಲೇ. ಇಬ್ಬರು ಹೆಣ್ಣುಮಕ್ಕಳು. ಒಂದೇ ಪ್ರಶ್ನೆಗೆ ಒಬ್ಬಳು ಯೋಚಿಸಿ, ನೋಡಿದ್ದನ್ನಷ್ಟೇ ಹೇಳಿದರೆ ಇನ್ನೊಬ್ಬಳು ಕಲ್ಪನೆಯಲ್ಲಿ ತೇಲಿಹೋಗುತ್ತಿದ್ದಳು. ಇಬ್ಬರಲ್ಲಿ ಯಾರು ಹೆಚ್ಚು ಬುದ್ಧಿವಂತರು ಅನ್ನೋ ಪ್ರಶ್ನೆಗೇ ಅರ್ಥವಿಲ್ಲ, ಇಬ್ಬರೂ ಬೇರೆ ಬೇರೆ ಥರ ಅಂತ ಅಪ್ಪನಿಗೆ ಅನ್ನಿಸತೊಡಗಿತು.

ಅಷ್ಟರಲ್ಲಿ ಫ್ರಾನ್ಸ್ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯ ಮಾಡಿ ಎರಡು ದಶಕ ಕಳೆದಿತ್ತು. ಎಲ್ಲರೂ ಶಾಲೆಗೆ ಬಂದಾಗ, ಎಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ ಅನ್ನೋದೂ ಕಾಣಿಸಿತು. 1904ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಯಾವ ಮಕ್ಕಳಿಗೆ ವಿಶೇಷ ತರಗತಿ ಬೇಕು, ಹೇಗೆ ಗುರುತಿಸೋದು? ಮೇಷ್ಟ್ರ ಮಾತು ನಂಬಿದರೆ ಗಲಾಟೆ ಮಾಡೋ ಹುಡುಗರನ್ನೆಲ್ಲ ಅತ್ತ ಸಾಗಹಾಕುತ್ತಾರೆ. ತಂದೆತಾಯಿ ಮಾತು ನಂಬಿದರೆ ನಿಜಕ್ಕೂ ನೆರವು ಬೇಕಾದ ಮಗು ಉಳಿದುಹೋಗುತ್ತದೆ. ಮಗುವನ್ನು ಮೇಷ್ಟ್ರ ಮರ್ಜಿಯಿಂದ ಕಾಪಾಡುವ ಒಂದು ಸಾಧನ ಬೇಕಿತ್ತು.

ಬಿನೆ ಮತ್ತು ಯುವ ವೈದ್ಯ ಥಿಯೊಡೋರ್ ಸಿಮೋನ್ ಸೇರಿ 1905ರಲ್ಲಿ 30 ಪ್ರಶ್ನೆಗಳ ಒಂದು ಪಟ್ಟಿ ತಂದರು. ಸುಲಭದಿಂದ ಕಷ್ಟಕ್ಕೆ ಹೋಗುವ ಮೆಟ್ಟಿಲು. ಮೊದಲನೆಯದು, ಉರಿಯೋ ಬೆಂಕಿಕಡ್ಡಿಯನ್ನು ಆಚೀಚೆ ಆಡಿಸಿದರೆ ಮಗುವಿನ ಕಣ್ಣು ಅದರ ಹಿಂದೆ ಹೋಗುತ್ತಾ? ಸ್ವಲ್ಪ ಮೇಲೆ, ಚಾಕೊಲೇಟ್ ತುಂಡು ಮತ್ತು ಅಷ್ಟೇ ಗಾತ್ರದ ಮರದ ತುಂಡು ಇಟ್ಟರೆ ಯಾವುದಕ್ಕೆ ಕೈ ಹಾಕುತ್ತೆ? ಇನ್ನೂ ಮೇಲೆ, ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ತಿರುಗಿ ಹೇಳೋದು. ತುದಿಯಲ್ಲಿ, ಎರಡು ಅಮೂರ್ತ ಪದಗಳ ನಡುವೆ ಏನು ವ್ಯತ್ಯಾಸ ಅಂತ ವಿವರಿಸೋದು. 1908ರಲ್ಲಿ ಈ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಒಂಬತ್ತು ವರ್ಷದ ಹೆಚ್ಚಿನ ಮಕ್ಕಳು ಉತ್ತರಿಸುವ ಪ್ರಶ್ನೆಗಳವರೆಗೆ ಒಬ್ಬ ಹುಡುಗ ಬಂದು ನಿಂತರೆ, ಅವನ ಮಾನಸಿಕ ಮಟ್ಟ ಒಂಬತ್ತು. ಒಂಬತ್ತರ ಆ ಪ್ರಶ್ನೆಗಳಲ್ಲಿ ಒಂದು, ಅಂಗಡಿ ಆಟ ಆಡಿಸಿ 20 ಸೂ ನಾಣ್ಯಕ್ಕೆ ಚಿಲ್ಲರೆ ವಾಪಸ್ ಕೊಡಿಸೋದು. ಇದನ್ನು ನೆನಪಲ್ಲಿಟ್ಟುಕೊಳ್ಳಿ.

ಬಿನೆ ಈ ಸಾಧನದ ಜೊತೆಗೆ ಎಚ್ಚರಿಕೆಗಳನ್ನೂ ಕೊಟ್ಟಿದ್ದ. ಇದು ಉದ್ದ ಅಳೆಯೋ ಸ್ಕೇಲ್ ಅಲ್ಲ, ಬುದ್ಧಿಯನ್ನು ಹಾಗೆ ಒಂದರ ಮೇಲೊಂದಿಟ್ಟು ಅಳೆಯಲು ಬರೋದಿಲ್ಲ. ಇದು ಮಗು ಇವತ್ತು ಎಲ್ಲಿದೆ ಅಂತ ಹೇಳುತ್ತದೆ, ಯಾಕೆ ಅಲ್ಲಿದೆ, ಮುಂದೆ ಎಲ್ಲಿರುತ್ತದೆ ಅಂತ ಹೇಳೋದಿಲ್ಲ. ಬೇಡದ ಮಕ್ಕಳನ್ನು ಹೊರಹಾಕಲು ಮೇಷ್ಟ್ರುಗಳು ಇದನ್ನೇ ನೆಪ ಮಾಡಿಕೊಂಡಾರು ಅನ್ನೋ ಭಯವೂ ಅವನಿಗಿತ್ತು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯೋದಿಲ್ಲ ಅನ್ನುವವರ ನಿರಾಶಾವಾದವನ್ನು 1909ರ ಪುಸ್ತಕದಲ್ಲಿ ಕ್ರೂರ ಅಂತಲೇ ಕರೆದ. ಹಿಂದುಳಿದ ಮಕ್ಕಳಿಗಾಗಿ ನಡೆದ ವಿಶೇಷ ತರಗತಿಗಳಲ್ಲಿ ಗಮನ ನಿಲ್ಲಿಸೋದನ್ನು ಕಲಿಸಲು ಒಂದು ಆಟ ಆಡಿಸುತ್ತಿದ್ದರು: ಹೇಳಿದ ಕೂಡಲೇ ಇದ್ದಲ್ಲೇ ಗೊಂಬೆಯಂತೆ ನಿಲ್ಲಬೇಕು. ನಾವು ಓಣಿಯಲ್ಲಿ ಆಡುತ್ತಿದ್ದ 'ಸ್ಟ್ಯಾಚ್ಯೂ'!

1911ರಲ್ಲಿ, 54ನೇ ವಯಸ್ಸಿಗೆ ಬಿನೆ ತೀರಿಕೊಂಡ. ಆಮೇಲೆ ಪರೀಕ್ಷೆ ಊರೂರು ತಿರುಗಿತು. ಎಚ್ಚರಿಕೆಗಳು ಪ್ಯಾರಿಸ್ಸಿನಲ್ಲೇ ಉಳಿದವು.

*

1912ರಲ್ಲಿ ಜರ್ಮನಿಯ ವಿಲಿಯಂ ಸ್ಟೆರ್ನ್ ಒಂದು ಸರಳ ಭಾಗಾಕಾರ ಸೂಚಿಸಿದ. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಬಿನೆಯ ಪ್ರಶ್ನೆಗಳನ್ನು ಹಿಗ್ಗಿಸಿ, ತಿದ್ದಿ, ಆ ಭಾಗಲಬ್ಧವನ್ನು ನೂರರಿಂದ ಗುಣಿಸಿದ. ಐಕ್ಯೂ ಹುಟ್ಟಿತು. ನಮ್ಮ ಹುಡುಗನ ಲೆಕ್ಕವೂ ಇದೇ. 9 ವರ್ಷ 3 ತಿಂಗಳು ಅಂದರೆ 111 ತಿಂಗಳು, ಹನ್ನೆರಡೂವರೆ ವರ್ಷ ಅಂದರೆ 150 ತಿಂಗಳು. ಭಾಗಿಸಿ ನೂರರಿಂದ ಗುಣಿಸಿ: 74.

ಈ ಲೆಕ್ಕದ ಒಂದು ಕಿತಾಪತಿ ನೋಡಿ. ನಾಲ್ಕು ವರ್ಷದ ಮಗು ಒಂದು ವರ್ಷ ಹಿಂದಿದ್ದರೆ ಅದರ ಐಕ್ಯೂ 75. ಎಂಟು ವರ್ಷದ ಮಗು ಅದೇ ಒಂದು ವರ್ಷ ಹಿಂದಿದ್ದರೆ ಸುಮಾರು 88. ಇನ್ನು ದೊಡ್ಡವರಿಗಂತೂ ಈ ಭಾಗಾಕಾರ ಹೊಂದೋದೇ ಇಲ್ಲ, ನಲವತ್ತರವನ ಬುದ್ಧಿ ಇಪ್ಪತ್ತರವನ ಎರಡರಷ್ಟು ಇರುತ್ತದಾ? 1939ರಲ್ಲಿ ಡೇವಿಡ್ ವೆಕ್ಸ್ಲರ್ ಈ ಭಾಗಾಕಾರ ಬಿಟ್ಟು, ಒಂದೇ ವಯಸ್ಸಿನವರ ಗುಂಪಿನಲ್ಲಿ ನೀವು ಎಲ್ಲಿದ್ದೀರಿ ಅನ್ನೋ ಹೋಲಿಕೆ ತಂದ. ಹೆಸರು ಮಾತ್ರ ಐಕ್ಯೂ ಅಂತಲೇ ಉಳೀತು.

ಮತ್ತೆ ಆ 70? ಅದರ ಗೆರೆಯೂ ಟರ್ಮನ್ನನ 1916ರ ಪುಸ್ತಕದಲ್ಲೇ ಇದೆ. 70ರಿಂದ 80 ಬಾರ್ಡರ್‌ಲೈನ್, 70ಕ್ಕಿಂತ ಕೆಳಗೆ ಖಚಿತವಾಗಿ ಬುದ್ಧಿಮಾಂದ್ಯ. 69ಕ್ಕೂ 71ಕ್ಕೂ ನಡುವೆ ಪ್ರಕೃತಿ ಎಳೆದ ಬೇಲಿ ಏನೂ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ದುಂಡಗಿನ ಅಂಕಿ ನೋಡಿ ಎಳೆದರು. ನೂರು ವರ್ಷ ಆದ ಮೇಲೂ ನನ್ನ ಅಕ್ಕ ಆ ಗೆರೆಯ ಮುಂದೆ ನಿಂತಿದ್ದಳು.

ಟರ್ಮನ್‌ಗಿಂತ ಮೊದಲೇ ಬಿನೆಯ ಪರೀಕ್ಷೆಯನ್ನು ಅಮೆರಿಕಕ್ಕೆ ತಂದವನು ಹೆನ್ರಿ ಗಾಡರ್ಡ್. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಾಲೆಯೊಂದರಲ್ಲಿ ಅವನು ಸಂಶೋಧಕ. ಬುದ್ಧಿ ಪೂರ್ತಿ ಆನುವಂಶಿಕ ಅಂತ ನಂಬಿದ್ದ. 1913ರಲ್ಲಿ ಇಬ್ಬರು ಸಹಾಯಕಿಯರನ್ನು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ಕಳಿಸಿದ. ವಲಸೆ ಬರೋರು ಹಡಗಿಳಿಯುವ ಜಾಗ ಅದು. ಒಬ್ಬಾಕೆ ಜನರನ್ನು ಕಣ್ಣಲ್ಲೇ ನೋಡಿ ಆರಿಸೋದು, ಇನ್ನೊಬ್ಬಾಕೆ ದುಭಾಷಿಯ ಮೂಲಕ ಪ್ರಶ್ನೆ ಕೇಳೋದು. ಹೀಗೆ ಆರಿಸಿದ ನೂರೈವತ್ತರಷ್ಟು ಯಹೂದಿ, ಹಂಗೇರಿಯನ್, ಇಟಾಲಿಯನ್, ರಷ್ಯನ್ ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಬುದ್ಧಿಮಾಂದ್ಯರು ಅಂತ ಫಲಿತಾಂಶ ಬಂತು! ಇದು ಎಲ್ಲ ವಲಸಿಗರ ಮಾದರಿ ಅಲ್ಲ ಅಂತ ಗಾಡರ್ಡ್ ತಾನೇ ಬರೆದಿದ್ದ. ಆದರೆ ಷರಾ ಯಾರು ಓದ್ತಾರೆ? ವಾರಗಟ್ಟಲೆ ಹಡಗಿನ ತಳದಲ್ಲಿ ಕೂತು ಬಂದವರು, ಹಲವರು ಬದುಕಲ್ಲಿ ಪೆನ್ಸಿಲ್ ಹಿಡಿಯದವರು. ಎದುರಿಗಿರೋ ಅಧಿಕಾರಿ ಒಳಗೆ ಬಿಡ್ತಾನೋ ವಾಪಸ್ ಕಳಿಸ್ತಾನೋ ಅನ್ನೋ ಭಯ ಬೇರೆ.

ಮೊದಲ ಮಹಾಯುದ್ಧ ಬಂತು. 1917-18ರಲ್ಲಿ ಅಮೆರಿಕದ ಸೇನೆ 17 ಲಕ್ಷಕ್ಕೂ ಹೆಚ್ಚು ಜನರಿಗೆ ಗುಂಪು ಪರೀಕ್ಷೆ ಮಾಡಿಸಿತು. ಓದು ಬಾರದವರಿಗೆ ಚಿತ್ರದ ಪರೀಕ್ಷೆ. ಚಿತ್ರದಲ್ಲಿ ಏನು ಇಲ್ಲ ಅಂತ ಗುರುತಿಸಿ ತುಂಬಬೇಕು. ಒಂದು ಚಿತ್ರ ಟೆನಿಸ್ ಕೋರ್ಟಿನದು, ಅದಕ್ಕೆ ನೆಟ್ ಇಲ್ಲ. ಸಿಸಿಲಿಯ ಹಳ್ಳಿಯಿಂದ ಬಂದ ರೈತ ಟೆನಿಸ್ ನೆಟ್ ಎಲ್ಲಿ ನೋಡಿರ್ತಾನೆ? ಅಳೆಯುತ್ತಿದ್ದುದು ಬುದ್ಧಿಯನ್ನೋ, ಆ ದೇಶದಲ್ಲಿ ಎಷ್ಟು ವರ್ಷ ಬಾಳಿದ್ದಾನೆ ಅನ್ನೋದನ್ನೋ? ಈ ಅಂಕಿಗಳನ್ನು ಇಟ್ಟುಕೊಂಡು 1923ರಲ್ಲಿ ಕಾರ್ಲ್ ಬ್ರಿಗಮ್ ಜನಾಂಗಗಳಿಗೆ ರ‍್ಯಾಂಕ್ ಕೊಟ್ಟು ಪುಸ್ತಕ ಬರೆದ. 1930ರಲ್ಲಿ ತನ್ನ ವಾದಕ್ಕೆ ಬುಡವೇ ಇರಲಿಲ್ಲ ಅಂತ ತಾನೇ ಒಪ್ಪಿಕೊಂಡ. ನಡುವೆ 1924ರಲ್ಲಿ ಅಮೆರಿಕ ದಕ್ಷಿಣ ಮತ್ತು ಪೂರ್ವ ಯುರೋಪಿನ ವಲಸಿಗರಿಗೆ ಬಾಗಿಲು ಬಿಗಿ ಮಾಡಿತ್ತು. ಆ ಕಾನೂನಿಗೆ ಈ ಪರೀಕ್ಷೆಗಳು ಎಷ್ಟು ಕಾರಣ ಅಂತ ಇತಿಹಾಸಕಾರರು ಈಗಲೂ ವಾದ ಮಾಡುತ್ತಾರೆ.

ಆದರೆ ಇನ್ನೊಂದು ಕಥೆಯಲ್ಲಿ ಮಾನಸಿಕ ವಯಸ್ಸು ಕೋರ್ಟಿನ ದಾಖಲೆಯಲ್ಲೇ ಇದೆ. ವರ್ಜೀನಿಯಾದ ಕ್ಯಾರಿ ಬಕ್. ಸಾಕುತ್ತಿದ್ದ ಮನೆಯವರ ಸಂಬಂಧಿಕನೊಬ್ಬ ಅತ್ಯಾಚಾರ ಮಾಡಿ ಹುಡುಗಿ ಗರ್ಭಿಣಿಯಾದಳು. ಮರ್ಯಾದೆಗೆ ಅಂಜಿದ ಮನೆಯವರು 1924ರಲ್ಲಿ ಅವಳನ್ನು ಬುದ್ಧಿಮಾಂದ್ಯರ ಸರ್ಕಾರಿ ಆಶ್ರಮಕ್ಕೆ ಸೇರಿಸಿದರು. ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯಲ್ಲಿ ಮಾನಸಿಕ ವಯಸ್ಸು ಒಂಬತ್ತು ಬಂತು. ಅವಳ ತಾಯಿಗೆ ಎಂಟರ ಒಳಗೆ. ಅವಳ ಹಸುಗೂಸು ವಿವಿಯನ್ ಬಗ್ಗೆ, ಯಾಕೋ ಸರಿಯಿಲ್ಲ ಅಂತ ಸಮಾಜ ಕಾರ್ಯಕರ್ತೆಯೊಬ್ಬಳು ಸಾಕ್ಷಿ ಹೇಳಿದಳು. ಮೂರು ತಲೆಮಾರು ಆಯಿತಲ್ಲ, ಸಾಕು ಅಂತ 1927ರಲ್ಲಿ ಸುಪ್ರೀಂ ಕೋರ್ಟು 8-1ರಲ್ಲಿ ತೀರ್ಪು ಕೊಟ್ಟಿತು. ಕ್ಯಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಆ ಶತಮಾನದಲ್ಲಿ ಅಮೆರಿಕದಲ್ಲಿ ಹೀಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು. 'ಸರಿಯಿಲ್ಲದ' ಮಗಳು ವಿವಿಯನ್ ಶಾಲೆಗೆ ಹೋದಳು, ಒಂದು ಸಲ ಜಾಣ ಮಕ್ಕಳ ಪಟ್ಟಿಯಲ್ಲೂ ಬಂದಳು, ಎಂಟನೇ ವಯಸ್ಸಿಗೆ ಕಾಯಿಲೆಯಿಂದ ತೀರಿಕೊಂಡಳು.

ಒಂಬತ್ತು. ನಮ್ಮ ಹುಡುಗನ ಹಾಳೆಯ ಮೇಲೂ ಅದೇ ಒಂಬತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

*

ಬಿ.ಕೆ.ಟಿ. ಅಂದರೇನು ಅಂತ ನೋಡಿದ್ದು ಮರುದಿನ. ಬಿನೆ-ಕಾಮತ್ ಟೆಸ್ಟ್. ಬಿನೆ ಗೊತ್ತು, ಕಾಮತ್ ಯಾರು?

ವಿ.ವಿ. ಕಾಮತ್. 1930ರ ದಶಕದಲ್ಲಿ ಧಾರವಾಡದಲ್ಲಿ ಕೂತು, ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಪರೀಕ್ಷೆಯ ಹೆಸರು ಮುಂಬೈ-ಕರ್ನಾಟಕ ಪರಿಷ್ಕರಣೆ. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರು ಕೂರಿಸಿಕೊಂಡು ಪರೀಕ್ಷಿಸಿ, 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನದ ಬಗ್ಗೆ ಪುಸ್ತಕ ತಂದರು. ನಮ್ಮ ಅಕ್ಕ ಮೆಟ್ಟಿಲು ಹತ್ತಿ ಇಳಿದ ಊರಲ್ಲೇ ಆ ಪ್ರಶ್ನೆಗಳು ಕನ್ನಡ ಕಲಿತಿದ್ದವು.

ಇದು ಬರೀ ಅನುವಾದದ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಬಿನೆಯ 1908ರ ಪಟ್ಟಿಯಲ್ಲಿ ಆರು ವರ್ಷದ ಮಗುವಿಗೆ 'ಫೋರ್ಕ್ ಅಂದ್ರೇನು?' ಅಂತ ಕೇಳಬೇಕು. ಕೈಯಲ್ಲಿ ರೊಟ್ಟಿ ಮುರಿದು ತಿನ್ನೋ ಮಗುವಿಗೆ ಅದನ್ನು ಕೇಳಿ ಸುಮ್ಮನಿದ್ದರೆ ಮಂದಬುದ್ಧಿ ಅನ್ನೋದು, ಸಿಸಿಲಿಯ ರೈತನಿಗೆ ಟೆನಿಸ್ ನೆಟ್ ಕೇಳಿದ ಹಾಗೇ. ಪದ ಬದಲಾಯಿಸಿದರೂ ಮುಗಿಯೋದಿಲ್ಲ. ಪ್ಯಾರಿಸ್ಸಿನಲ್ಲಿ ಆರಕ್ಕೆ ಸುಲಭವಾದ ಪ್ರಶ್ನೆ ಇಲ್ಲಿ ಎಂಟಕ್ಕೆ ಸುಲಭವಾಗಬಹುದು, ಇನ್ನೊಂದು ಐದಕ್ಕೇ. ಅದನ್ನು ತಿಳಿಯಲು ಒಂದೇ ದಾರಿ, ಇಲ್ಲಿನ ಮಕ್ಕಳನ್ನೇ ಕೇಳಿ ನೋಡೋದು. ಎಲ್ಲಿಸ್ ದ್ವೀಪದಲ್ಲಿ ಯಾರೂ ಮಾಡದ ಕೆಲಸವನ್ನು ಧಾರವಾಡದಲ್ಲಿ ಕಾಮತರು ಮಾಡಿದರು. ಮಾಡಿದ್ದರಿಂದಲೇ ಕನ್ನಡದ ಮಗುವನ್ನು ಕನ್ನಡದ ಮಗುವಿನ ಜೊತೆ ಹೋಲಿಸಲು ಸಾಧ್ಯವಾಯಿತು. ಇವತ್ತಿಗೂ ದೇಶದ ಬೇರೆ ಬೇರೆ ಕಡೆ ಈ ಪರೀಕ್ಷೆ ಬಳಕೆಯಲ್ಲಿದೆ.

ತೊಡಕು ಇರೋದು ಆ 'ಇವತ್ತಿಗೂ' ಅನ್ನೋ ಪದದಲ್ಲಿ. ಕಾಮತರ ಪುಸ್ತಕದ ನಾಲ್ಕನೇ ಆವೃತ್ತಿ ಬಂದದ್ದು 1967ರಲ್ಲಿ. ಅಳತೆಗೋಲಿಗೂ ವಯಸ್ಸಾಗುತ್ತೆ. 1980ರ ದಶಕದಲ್ಲಿ ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಹಲವು ದೇಶಗಳ ಹಳೆಯ ಅಂಕಿಗಳನ್ನು ಗುಡ್ಡೆ ಹಾಕಿ ನೋಡಿದರು. ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಏರುತ್ತಲೇ ಬಂದಿತ್ತು, ಅಮೆರಿಕದಲ್ಲಿ ದಶಕಕ್ಕೆ ಸುಮಾರು 3 ಅಂಕ. ಇದರ ಅರ್ಥ, ಹಳೆಯ ಮಾನದಂಡದಲ್ಲಿ ಅಳೆದರೆ ಅದೇ ಮಗುವಿಗೆ ಹೆಚ್ಚು ಅಂಕಿ ಬರುತ್ತದೆ, ಹೊಸ ಮಾನದಂಡದಲ್ಲಿ ಕಡಿಮೆ. ಮಗು ಬದಲಾಗಿರೋದಿಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದ ಗುಂಪು ಬದಲಾಗಿರುತ್ತದೆ.

ಇದರ ಮೇಲೆ ಇನ್ನೊಂದು. ಯಾವ ಪರೀಕ್ಷೆಯೂ ಎರಡು ಸಲ ಒಂದೇ ಅಂಕಿ ಕೊಡೋದಿಲ್ಲ. ನಿದ್ದೆ ಕೆಟ್ಟಿತ್ತು, ಹೊಸ ಜಾಗ, ಕೇಳುವವರ ದನಿ ಗಡುಸು, ಏನೋ ಒಂದು. ಹೀಗಾಗಿ ಆಚೀಚೆ ಸುಮಾರು 5 ಅಂಕ ಬಿಟ್ಟು ಓದಬೇಕು ಅನ್ನೋದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. 74 ಅಂದರೆ 69ರಿಂದ 79ರ ನಡುವೆ ಎಲ್ಲೋ. ಈ ಪಾಠವನ್ನು ಅಮೆರಿಕದ ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು 2014ರಲ್ಲಿ. ಬುದ್ಧಿಮಾಂದ್ಯರನ್ನು ಗಲ್ಲಿಗೇರಿಸುವಂತಿಲ್ಲ ಅಂತ ಅಲ್ಲಿ 2002ರಲ್ಲೇ ತೀರ್ಪಾಗಿತ್ತು. ಆದರೆ 70 ದಾಟಿದರೆ ಮುಂದಿನ ಸಾಕ್ಷ್ಯ ಕೇಳುವುದೇ ಇಲ್ಲ ಅಂತ ಫ್ಲಾರಿಡಾ ರಾಜ್ಯದ ನಿಯಮ. ಮರಣದಂಡನೆಯ ಕೈದಿ ಫ್ರೆಡ್ಡಿ ಲೀ ಹಾಲ್‌ನ ಅಂಕಿ 71. ಅಳತೆಯ ದೋಷವನ್ನು ಗಣನೆಗೆ ತಗೊಳ್ಳದೆ ಒಂದು ಅಂಕಿಯ ಮೇಲೆ ಜೀವ ತೂಗುವಂತಿಲ್ಲ ಅಂತ ಕೋರ್ಟು ಹೇಳಿತು. ಅದೂ 5-4ರಲ್ಲಿ, ಒಂದೇ ಮತದ ಅಂತರ.

ಹಾಗಂತ ಪರೀಕ್ಷೆಯೇ ಮೋಸ ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ನಾವು ತಿರುಗಿ ಮೇಷ್ಟ್ರ ಮರ್ಜಿಗೇ ಬೀಳುತ್ತೇವೆ. ನಮ್ಮ ಹುಡುಗನನ್ನು 'ಸೋಂಬೇರಿ' ಅಂತ ಮೂರು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದರು. ಸೋಮಾರಿತನ ಅಲ್ಲ, ನಿಜಕ್ಕೂ ಕಷ್ಟ ಇದೆ ಅಂತ ಮೊದಲ ಸಲ ಹೇಳಿದ್ದು ಆ ಹಾಳೆಯೇ. ನನ್ನ ತಕರಾರು ಹಾಳೆಯ ಬಗ್ಗೆ ಅಲ್ಲ, ಅದು ಅಷ್ಟಕ್ಕೇ ಮುಗಿದದ್ದರ ಬಗ್ಗೆ.

ಬೇರೆ ಊರಿನಲ್ಲಿ ಇನ್ನೊಬ್ಬರು ಮನಶ್ಶಾಸ್ತ್ರಜ್ಞರನ್ನು ಹುಡುಕಿದೆವು. ಅವರು ಎರಡು ಬೆಳಗ್ಗೆ ಹುಡುಗನ ಜೊತೆ ಕೂತರು. ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಬೇರೆ ಥರದ ಪ್ರಶ್ನೆಗಳನ್ನು ಕೇಳಿದರು. ಗುಂಡಿ ತಾನೇ ಹಾಕ್ಕೊಳ್ತಾನಾ? ಒಬ್ಬನೇ ಅಂಗಡಿಗೆ ಹೋಗಿ ಬರ್ತಾನಾ? ಈ ಪ್ರಶ್ನಾವಳಿಯ ಮೂಲವೂ ವೈನ್‌ಲ್ಯಾಂಡೇ ಅಂತ ಗೊತ್ತಾದಾಗ ನಗು ಬಂತು. ಗಾಡರ್ಡ್ ಕೈಕೆಳಗೆ ದುಡಿದಿದ್ದ ಎಡ್ಗರ್ ಡಾಲ್, ಅದೇ ಶಾಲೆಯಲ್ಲಿ 1935ರಲ್ಲಿ ಮಾಡಿದ್ದು. ತಲೆಯೊಳಗೆ ಎಷ್ಟಿದೆ ಅಂತಲ್ಲ, ದಿನದ ಬದುಕಿನಲ್ಲಿ ಏನು ಮಾಡಿಕೊಳ್ಳಬಲ್ಲ ಅಂತ ಕೇಳೋ ಪಟ್ಟಿ.

ಈ ಸಲದ ರಿಪೋರ್ಟು ನಾಲ್ಕು ಪುಟ. ಐಕ್ಯೂ ಎದುರು ಒಂದು ಅಂಕಿಯ ಬದಲು ಎರಡು ಅಂಕಿಗಳ ನಡುವಿನ ವ್ಯಾಪ್ತಿ ಬರೆದಿದ್ದರು. ಉಳಿದಷ್ಟೂ ಪುಟ ಏನು ಮಾಡಬೇಕು ಅನ್ನೋದರ ಬಗ್ಗೆ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಬಾಯಿಪಾಠ ಮಾಡಿಸಬೇಡಿ, ಕೈಯಲ್ಲಿ ಎಣಿಸುವ ವಸ್ತು ಕೊಡಿ. ಹೆಚ್ಚುವರಿ ಸಮಯದ ಅರ್ಜಿ ಹಾಕಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಭಾವನ ಕಿರಾಣಿ ಅಂಗಡಿಯಲ್ಲಿ ಕೂತಿದ್ದೆ. ಭಾವ ಒಳಗೆ ಊಟಕ್ಕೆ ಹೋಗಿದ್ದರು. ಒಬ್ಬ ಅಜ್ಜಿ ಬಂದು ಅರ್ಧ ಕೆಜಿ ರವೆ, ಒಂದು ಸೋಪು ತಗೊಂಡು ಇನ್ನೂರರ ನೋಟು ಕೊಟ್ಟಳು. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ಹೊತ್ತು ಹಿಡಿಯಿತು. ನನ್ನ ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು ಸುಮ್ಮನಿದ್ದೆ. ಅಜ್ಜಿಗೂ ಅವಸರ ಇರಲಿಲ್ಲ, ಕಟ್ಟೆಯ ಮೇಲೆ ಕೂತಳು.

ಚಿಲ್ಲರೆ ಸರಿಯಾಗಿ ಕೊಟ್ಟ.